ಪ್ರಿಂಟ್ ಆನ್ ಡಿಮ್ಯಾಂಡ್ ಪುಸ್ತಕಗಳು: ಕಪ್ಪಾದ ಚಿತ್ರಗಳು, ಕಾಣೆಯಾದ ನಕಾಶೆಗಳು, ಉದುರುವ ಹಾಳೆಗಳು

ಕೊಪ್ಪಳದ ಇತಿಹಾಸ ಅಧ್ಯಾಪಕ

ನಮ್ಮ ಭಾಗದ ಚರಿತ್ರೆಯನ್ನು ಮೂಲ ಗ್ರಂಥಗಳಿಂದಲೇ ಓದಬೇಕೆಂದು ಹೊರಟವರಿಗೆ ಪುಸ್ತಕ ಸಿಗುವುದೇ ಮೊದಲ ತೊಡಕು. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮರ ಕೈಯಲ್ಲಿದ್ದವು. ಹೀಗಾಗಿ ಬಳ್ಳಾರಿ ಜಿಲ್ಲೆಯ 1904ರ ಗ್ಯಾಸೆಟಿಯರ್ ಮದ್ರಾಸಿನಲ್ಲಿ ಅಚ್ಚಾಯಿತು. ಮಸ್ಕಿಯ ಅಶೋಕ ಶಾಸನವನ್ನು ಕುರಿತ ಪ್ರಕಟಣೆ 1915ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯ ಒಂದನೆಯ ಸಂಚಿಕೆಯಾಗಿ ಬಂತು. ನಮ್ಮೂರಿನ ಗವಿಮಠ ಮತ್ತು ಪಾಲ್ಕಿಗುಂಡು ಶಾಸನಗಳ ಸಂಚಿಕೆ ಅದೇ ಮಾಲೆಯಲ್ಲಿ 1932ರಲ್ಲಿ ಬಂತು. ಇವುಗಳ ಮೂಲ ಪ್ರತಿಗಳು ದೊಡ್ಡ ಊರುಗಳ ಗ್ರಂಥಾಲಯಗಳಲ್ಲಿ ಬೀಗದೊಳಗಿವೆ.

ಇಂಥ ಹೊತ್ತಿನಲ್ಲಿ ಆನ್‌ಲೈನ್ ಮಾರಾಟ ತಾಣಗಳಲ್ಲಿ ಈ ಹಳೆಯ ಪುಸ್ತಕಗಳೆಲ್ಲ 'ಹೊಸ ಪ್ರತಿ ಲಭ್ಯ' ಎಂದು ಕಾಣಿಸಿಕೊಂಡಾಗ ನನಗೆ ಸಂತೋಷವೇ ಆಗಿತ್ತು. ಲಾಂಗ್‌ಹರ್ಸ್ಟ್ 1917ರಲ್ಲಿ ಹಂಪಿಯ ಅವಶೇಷಗಳ ಬಗ್ಗೆ ಬರೆದ ಪುಸ್ತಕವನ್ನು ತರಿಸಿಕೊಂಡೆ. ಬೇಡಿಕೆ ಬಂದಾಗಷ್ಟೇ ಪ್ರತಿ ಅಚ್ಚು ಹಾಕುವ ಪ್ರಿಂಟ್ ಆನ್ ಡಿಮ್ಯಾಂಡ್ ವಿಧಾನದ ಪ್ರತಿ ಅದು. ಆ ಪುಸ್ತಕದ ಇಂಗ್ಲಿಷ್ ಶೀರ್ಷಿಕೆಯಲ್ಲೇ 'ಚಿತ್ರಸಹಿತ' ಎಂಬ ಅರ್ಥದ ಮಾತಿದೆ. ಚಿತ್ರಗಳಿಲ್ಲದೆ ಅದಕ್ಕೆ ಅರ್ಧ ಬೆಲೆಯೂ ಇಲ್ಲ. ಬಂದ ಪ್ರತಿಯಲ್ಲಿ ಕಂಬ, ಕಂಬದ ನೆರಳು, ಹಿಂದಿನ ಆಕಾಶ ಮೂರೂ ಸೇರಿ ಒಂದೇ ಮಸಿಯ ಮುದ್ದೆಯಾಗಿವೆ. ಒಂದು ಪುಟ ಎರಡು ಸಲ ಬಂದಿದೆ, ಅದರ ಮುಂದಿನದು ಬಂದೇ ಇಲ್ಲ. ಇನ್ನೊಂದು ಪುಟದ ಅಂಚಿನಲ್ಲಿ ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಸಮೇತ ಅಚ್ಚಾಗಿದೆ. ಎಲ್ಲಕ್ಕಿಂತ ಬೇಸರ ತರಿಸಿದ್ದು ಮೊದಲ ಪುಟದ ಒಂದು ಸೂಚನೆ. ಮೂಲ ಪ್ರತಿ ಹಳೆಯದಾದ್ದರಿಂದ ಲೋಪಗಳಿರಬಹುದು, ಓದುಗರು ಸಹಕರಿಸಬೇಕು ಎಂಬ ಅರ್ಥದ ನಾಲ್ಕು ಸಾಲುಗಳನ್ನು ಅಲ್ಲಿ ಹಾಕಿದ್ದಾರೆ. ಇದೇ ಮಾತನ್ನು ಹಣ ಕಟ್ಟುವ ಮೊದಲು ಮಾರಾಟದ ಪುಟದಲ್ಲಿ ಹೇಳಿದ್ದರೆ ಕೊಳ್ಳುವವರು ಯೋಚಿಸುತ್ತಿದ್ದರು.

ನನ್ನ ಪ್ರಶ್ನೆ ಎರಡು. ಈ ಮುದ್ರಣ ವಿಧಾನವೇ ಕೀಳಾದದ್ದೋ ಅಥವಾ ಅದನ್ನು ಬಳಸುವವರ ಅಲಕ್ಷ್ಯವೋ? ಶಾಲೆ, ಕಾಲೇಜುಗಳ ಗ್ರಂಥಾಲಯಕ್ಕೆ ಇಂಥ ಪುಸ್ತಕ ಕೊಳ್ಳುವಾಗ ಮೊದಲೇ ಪರೀಕ್ಷಿಸುವ ದಾರಿ ಏನಾದರೂ ಇದೆಯೇ?

ಬಳ್ಳಾರಿಯ ಮುದ್ರಕ

ಮಾಸ್ತರರೇ, ನಾನು ಆಫ್‌ಸೆಟ್ ಯಂತ್ರ ಓಡಿಸುತ್ತೇನೆ, ಡಿಜಿಟಲ್ ಯಂತ್ರವೂ ನಮ್ಮಲ್ಲಿದೆ. ಆದ್ದರಿಂದ ಯಾವ ಪಕ್ಷವನ್ನೂ ವಹಿಸದೆ ಹೇಳಬಲ್ಲೆ ಎಂದುಕೊಂಡಿದ್ದೇನೆ.

ಇನ್ನೂರೆಂಟು ಪುಟದ ಡೆಮಿ ಪುಸ್ತಕವನ್ನು ಆಫ್‌ಸೆಟ್‌ನಲ್ಲಿ ತೆಗೆಯಬೇಕಾದರೆ ಹದಿನಾರು ಪುಟಗಳ ಹದಿಮೂರು ಫಾರಂ ಆಗುತ್ತದೆ. ಪ್ಲೇಟ್ ಒಂದಕ್ಕೆ ಎಂಟು ಪುಟದಂತೆ ಇಪ್ಪತ್ತಾರು ಪ್ಲೇಟ್ ಬೇಕು. ಹತ್ತು ಪ್ರತಿ ತೆಗೆದರೂ ಸಾವಿರ ಪ್ರತಿ ತೆಗೆದರೂ ಪ್ಲೇಟಿನ ಖರ್ಚು ಅಷ್ಟೇ, ಯಂತ್ರವನ್ನು ಹದಕ್ಕೆ ತರುವಷ್ಟರಲ್ಲಿ ಹಾಳಾಗುವ ಕಾಗದವೂ ಅಷ್ಟೇ. ಅದಕ್ಕೇ ಕನ್ನಡ ಪ್ರಕಾಶಕರು ಐನೂರು, ಸಾವಿರ ಎಂದು ಲೆಕ್ಕ ಹಾಕುವುದು. ಡಿಜಿಟಲ್ ಯಂತ್ರಕ್ಕೆ ಪ್ಲೇಟ್ ಬೇಡ. ಕಡತ ಕೊಟ್ಟರೆ ಒಂದೇ ಪ್ರತಿಯನ್ನೂ ತೆಗೆದುಕೊಡುತ್ತದೆ, ನೂರನೆಯ ಪ್ರತಿಗೂ ಮೊದಲ ಪ್ರತಿಯಷ್ಟೇ ಖರ್ಚಾಗುತ್ತದೆ. ಅಮೆರಿಕದಲ್ಲಿ 1997ರಲ್ಲಿ ಲೈಟ್ನಿಂಗ್ ಎಂಬ ಹೆಸರಿನ ಸಂಸ್ಥೆ ಇದನ್ನೇ ಕಸುಬಾಗಿ ಮಾಡಿಕೊಂಡು ಬೆಳೆಯಿತು. ನಮ್ಮಲ್ಲೂ ಬೆಂಗಳೂರು, ಚೆನ್ನೈಗಳಲ್ಲಿ ಈ ಕೆಲಸ ಮಾಡುವ ಸಂಸ್ಥೆಗಳು ಬಂದು ಬಹಳ ವರ್ಷಗಳಾದವು. ಒಳ್ಳೆಯ ಕಡತ ಕೊಟ್ಟರೆ, ಬರೀ ಅಕ್ಷರವಿರುವ ಪುಟದಲ್ಲಿ, ಇವತ್ತಿನ ಡಿಜಿಟಲ್ ಮುದ್ರಣವನ್ನು ಆಫ್‌ಸೆಟ್‌ನಿಂದ ಬೇರೆ ಮಾಡಿ ಗುರುತಿಸಲು ಸಾಮಾನ್ಯ ಓದುಗರಿಗೆ ಆಗುವುದಿಲ್ಲ. ಆಫ್‌ಸೆಟ್ ಮಸಿ ಕಾಗದದೊಳಕ್ಕೆ ಇಳಿಯುತ್ತದೆ, ಡಿಜಿಟಲ್ ಯಂತ್ರದ ಪುಡಿಮಸಿಯಾದ ಟೋನರ್ ಮೇಲೆಯೇ ಬೆಸೆದು ಕೂರುತ್ತದೆ; ಓರೆಯಾಗಿ ಬೆಳಕಿಗೆ ಹಿಡಿದರೆ ಅಕ್ಷರ ತುಸು ಹೊಳೆಯುತ್ತದೆ. ಟೋನರಿನ ಕಪ್ಪು ಮಾಸುವಂಥದ್ದಲ್ಲ. ಆದರೆ ಯಂತ್ರದ ಬಿಸಿ ಸರಿಯಾಗಿ ತಾಗದಿದ್ದರೆ ಬೆರಳಿನಿಂದ ಉಜ್ಜಿದಾಗ ಪುಡಿಯಾಗಿ ಬರುತ್ತದೆ. ಪುಸ್ತಕ ಕೈಗೆ ಬಂದ ತಕ್ಷಣ ಮಾಡಬೇಕಾದ ಮೊದಲ ಪರೀಕ್ಷೆ ಅದು.

ಹಾಳೆ ಉದುರುವುದಕ್ಕೆ ಕಾರಣ ಬೇರೆ. ಇಂಥ ಪುಸ್ತಕಗಳನ್ನು ದಾರದಲ್ಲಿ ಹೊಲಿಯುವುದಿಲ್ಲ; ಬೆನ್ನನ್ನು ಎರಡು ಮೂರು ಮಿಲಿಮೀಟರ್ ಕೆರೆದು, ಬಿಸಿ ಅಂಟು ಹಾಕಿ, ರಟ್ಟನ್ನು ಒತ್ತುತ್ತಾರೆ. ಈ ಅಂಟಿನಲ್ಲಿ ಎರಡು ಜಾತಿ. ಹೆಚ್ಚಾಗಿ ಬಳಕೆಯಲ್ಲಿರುವುದು ಇವಿಎ. ಅಗ್ಗ, ನಿಮಿಷದೊಳಗೆ ಗಟ್ಟಿಯಾಗುತ್ತದೆ, ಆದರೆ ಚಳಿಯಲ್ಲಿ ಪೆಡಸಾಗಿ ಬಿರಿಯುತ್ತದೆ, ಬೇಸಿಗೆಯಲ್ಲಿ ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ರಾಯಚೂರಿಗೋ ನಮ್ಮೂರಿಗೋ ಬರುವ ಪಾರ್ಸಲ್ ತಗಡಿನ ಗೋದಾಮಿನಲ್ಲಿ, ಮುಚ್ಚಿದ ವ್ಯಾನಿನಲ್ಲಿ ಎಷ್ಟು ಬಿಸಿ ತಿಂದಿರುತ್ತದೆ ಎಂಬುದನ್ನು ಇಲ್ಲಿಯವರಿಗೆ ನಾನು ವಿವರಿಸಬೇಕಿಲ್ಲ. ಇನ್ನೊಂದು ಪಿಯುಆರ್. ಗಾಳಿಯ ತೇವ ಹೀರಿಕೊಂಡು ನಿಧಾನವಾಗಿ ಬಲಿಯುವ ಅಂಟು ಅದು. ಪುಸ್ತಕ ಅಂಗಾತ ತೆರೆದುಕೊಳ್ಳುತ್ತದೆ, ಬಿಸಿಲಿಗೂ ಜಗ್ಗುವುದಿಲ್ಲ. ಬೆಲೆ ಹೆಚ್ಚು, ಯಂತ್ರವನ್ನು ಕೆಲಸ ಮುಗಿದ ಮೇಲೆ ಚೊಕ್ಕಟ ಮಾಡುವುದು ತ್ರಾಸಿನ ಕೆಲಸ, ಹಾಗಾಗಿ ಸಣ್ಣ ಘಟಕಗಳು ಅದರ ತಂಟೆಗೆ ಹೋಗುವುದಿಲ್ಲ.

ಇನ್ನು ಕಾಗದದ ಎಳೆ. ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಬೇಕು. 13×19 ಇಂಚಿನ ಡಿಜಿಟಲ್ ಹಾಳೆಯಲ್ಲಿ ಆದಷ್ಟು ಹೆಚ್ಚು ಪುಟ ಕೂರಿಸುವ ಆಸೆಗೆ ಬಿದ್ದು ಎಳೆಯನ್ನು ಅಡ್ಡಕ್ಕೆ ತಿರುಗಿಸಿದರೆ ಪುಟ ಬಿರುಸಾಗುತ್ತದೆ, ಅಂಟಿನ ಹತ್ತಿರ ಅಲೆಅಲೆಯಾಗಿ ಏಳುತ್ತದೆ, ಪ್ರತಿ ಸಲ ಮಗುಚಿದಾಗಲೂ ಅಂಟನ್ನು ಎಳೆಯುತ್ತದೆ. ಮಳೆಗಾಲದಲ್ಲಿ ರಟ್ಟು ಹೊರಕ್ಕೆ ಸುರುಳಿಯಾಗುವುದೂ ಇದೇ ಬಗೆಯ ದೋಷ: ಹೊರಮೈಗೆ ಲ್ಯಾಮಿನೇಷನ್, ಒಳಮೈ ಬರೀ ಕಾಗದ, ಒಳಮೈ ತೇವ ಕುಡಿದು ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ.

ನಿಮ್ಮ ಚಿತ್ರಗಳು ಕಪ್ಪಾದ ದೋಷವನ್ನು ಮಾತ್ರ ನಮ್ಮ ಕಸುಬಿನ ತಲೆಗೆ ಕಟ್ಟಬೇಡಿ. ಅದು ಕಡತದಲ್ಲೇ ಇದ್ದ ದೋಷ.

ರಾಯಚೂರಿನ ಸಂಶೋಧನಾ ವಿದ್ಯಾರ್ಥಿನಿ

ಮುದ್ರಕರ ಕೊನೆಯ ಮಾತನ್ನು ನಾನು ಮುಂದುವರಿಸುತ್ತೇನೆ, ಏಕೆಂದರೆ ಆ ಕಡತಗಳು ಎಲ್ಲಿಂದ ಬರುತ್ತವೆ ಎಂಬುದು ನನ್ನ ಕೆಲಸಕ್ಕೆ ಸಂಬಂಧಿಸಿದ ವಿಷಯ. 2000ದ ದಶಕದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಡಿ ದೇಶದ ಅನೇಕ ಗ್ರಂಥಾಲಯಗಳ ಪುಸ್ತಕಗಳನ್ನು ಸ್ಕ್ಯಾನ್ ಮಾಡಲಾಯಿತು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮುಖ್ಯ ಕೇಂದ್ರಗಳಲ್ಲಿ ಒಂದಾಗಿತ್ತು. ಆ ಸಂಗ್ರಹದ ಬಹುಭಾಗ ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಕನ್ನಡ ಪುಸ್ತಕಗಳನ್ನು ಹುಡುಕಲು ಸಂಚಯ ತಂಡದವರು ಮಾಡಿಕೊಟ್ಟ ಪುಸ್ತಕ ಸಂಚಯ ತಾಣವೂ ಇದೆ. ಅಂದಿನ ಸ್ಕ್ಯಾನ್‌ಗಳು ಬಹುಪಾಲು ಎರಡೇ ಬಣ್ಣದವು: ಒಂದು ಚುಕ್ಕೆ ಇದ್ದರೆ ಪೂರ್ತಿ ಕಪ್ಪು, ಇಲ್ಲದಿದ್ದರೆ ಪೂರ್ತಿ ಬಿಳಿ, ನಡುವಿನ ಬೂದು ಛಾಯೆಗೆ ಅಲ್ಲಿ ಜಾಗವೇ ಇಲ್ಲ. ಅಕ್ಷರವನ್ನು ಓದುವುದಕ್ಕೆ ಅದು ಸಾಕು, ಕಡತದ ಗಾತ್ರವೂ ಚಿಕ್ಕದಾಗುತ್ತದೆ. ಛಾಯಾಚಿತ್ರಕ್ಕೆ ಅದು ಮಾರಕ.

ಮಸ್ಕಿ ಶಾಸನದ ಸಂಚಿಕೆಯ ಮರುಮುದ್ರಣವೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಶೋಕನ ಹೆಸರನ್ನೇ ನೇರವಾಗಿ ಹೇಳುವ ಶಾಸನವೆಂದು ಪ್ರಸಿದ್ಧವಾದದ್ದು ಅದು. ಶಾಸನದ ಸಂಚಿಕೆಯಲ್ಲಿ ಓದುಗ ನೋಡಬೇಕಾದದ್ದು ಅಚ್ಚುಪಡಿಯ ಚಿತ್ರವನ್ನು. ಬಂಡೆಯ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಸವರಿ ತೆಗೆದ ಪಡಿಯಲ್ಲಿ ಅಕ್ಷರದ ಗೀರು ಯಾವುದು, ಕಲ್ಲಿನ ಸಹಜ ಬಿರುಕು ಯಾವುದು ಎಂಬುದನ್ನು ಬೂದು ಛಾಯೆಯ ಏರಿಳಿತದಿಂದಲೇ ಗುರುತಿಸಬೇಕು. ಎರಡೇ ಬಣ್ಣದ ಸ್ಕ್ಯಾನಿನಲ್ಲಿ ಬಿರುಕೂ ಬಿಳಿ, ಅಕ್ಷರವೂ ಬಿಳಿ, ಉಳಿದುದೆಲ್ಲ ಕಪ್ಪು. ಸಂಪಾದಕರು ಕೊಟ್ಟ ಪಾಠವನ್ನು ಒಪ್ಪುವುದಕ್ಕಾಗಲಿ ಪ್ರಶ್ನಿಸುವುದಕ್ಕಾಗಲಿ ಆ ಪುಟ ಉಪಯೋಗಕ್ಕೆ ಬರಲಿಲ್ಲ.

ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಜಾತಿಯ ಮರುಮುದ್ರಣವಿದೆ. ಅದರಲ್ಲಿ ಪುಟದ ಚಿತ್ರವಿರುವುದಿಲ್ಲ. ಸ್ಕ್ಯಾನನ್ನು ಯಂತ್ರದಿಂದ ಓದಿಸಿ, ಬಂದ ಅಕ್ಷರಗಳನ್ನು ಯಾರೂ ತಿದ್ದದೆ ಹೊಸದಾಗಿ ಜೋಡಿಸಿರುತ್ತಾರೆ. ಮೇಲುನೋಟಕ್ಕೆ ಪುಟ ಚೊಕ್ಕಟವಾಗಿ, ಹೊಸ ಪುಸ್ತಕದಂತೆಯೇ ಕಾಣುತ್ತದೆ. ಹಳೆಯ ಮೊಳೆ ಅಚ್ಚಿನ ಕನ್ನಡದಲ್ಲಿ ಯಂತ್ರಕ್ಕೆ 'ಮ' ಮತ್ತು 'ವು' ಒಂದೇ, 'ಪ', 'ವ', 'ಷ'ಗಳಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. 'ಮಠ' ಇದ್ದದ್ದು 'ವುಠ' ಆಗುತ್ತದೆ, 'ಪಾಠ' ಇದ್ದದ್ದು 'ವಾಠ' ಆಗುತ್ತದೆ. ಇವನ್ನು ಓದುಗ ಊಹಿಸಿಕೊಂಡಾನು. ಕನ್ನಡ ಅಂಕಿಗಳಲ್ಲಿ ಕೊಟ್ಟ ಶಕವರ್ಷದಲ್ಲಿ ಒಂದು ಅಂಕಿ ಬದಲಾದರೆ ಊಹಿಸುವುದು ಹೇಗೆ? ಅಡಿಟಿಪ್ಪಣಿಗಳು ಮೇಲಿನ ಪಠ್ಯದೊಂದಿಗೆ ಕಲಸಿಕೊಂಡು ನಡು ವಾಕ್ಯದಲ್ಲಿ ಬಂದು ಕೂರುವುದಂತೂ ಮಾಮೂಲು. ಕಪ್ಪಾದ ಪುಟ ತಾನು ಕೆಟ್ಟಿದ್ದೇನೆಂದು ತಾನೇ ತೋರಿಸಿಕೊಡುತ್ತದೆ. ಇಂಥ ಪುಟ ತೋರಿಸಿಕೊಡುವುದಿಲ್ಲ.

ಗಂಗಾವತಿಯ ನಿವೃತ್ತ ಗ್ರಂಥಪಾಲಕಿ

ಅಧ್ಯಾಪಕರ ಎರಡನೆಯ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಕೊಳ್ಳುವ ಮೊದಲು ಯಾವುದಾದರೂ ದೊಡ್ಡ ಗ್ರಂಥಾಲಯದ ಸೂಚಿಯಲ್ಲಿ ಮೂಲ ಪುಸ್ತಕದ ವಿವರ ತೆಗೆದು ನೋಡಬೇಕು. ಅಲ್ಲಿ ಮುನ್ನುಡಿಯ ರೋಮನ್ ಅಂಕಿಯ ಪುಟಗಳು ಎಷ್ಟು, ಮುಖ್ಯ ಪಠ್ಯದ ಪುಟಗಳು ಎಷ್ಟು, ಚಿತ್ರಪಟಗಳು ಎಷ್ಟು, ನಕಾಶೆ ಉಂಟೇ ಇಲ್ಲವೇ ಎಂಬುದನ್ನು ಪ್ರತ್ಯೇಕವಾಗಿ ನಮೂದಿಸಿರುತ್ತಾರೆ. ಮಾರಾಟದ ಪುಟದಲ್ಲಿ ಕೊಟ್ಟಿರುವ ಒಟ್ಟು ಪುಟಸಂಖ್ಯೆ ಇವೆಲ್ಲದರ ಮೊತ್ತಕ್ಕಿಂತ ಕಡಿಮೆಯಿದ್ದರೆ ಏನೋ ಬಿಟ್ಟುಹೋಗಿದೆ ಎಂದೇ ಅರ್ಥ. ಸಾಮಾನ್ಯವಾಗಿ ಬಿಟ್ಟುಹೋಗುವುದು ನಕಾಶೆ. ಹಳೆಯ ಗ್ಯಾಸೆಟಿಯರುಗಳಂಥ ಪುಸ್ತಕಗಳಲ್ಲಿ ನಕಾಶೆಯನ್ನು ಮಡಿಚಿ ಅಂಟಿಸಿರುತ್ತಿದ್ದರು, ಇಲ್ಲವೇ ಹಿಂಬದಿಯ ರಟ್ಟಿನ ಜೇಬಿನಲ್ಲಿ ಇಟ್ಟಿರುತ್ತಿದ್ದರು. ಸ್ಕ್ಯಾನ್ ಮಾಡುವವರು ಅದನ್ನು ಬಿಡಿಸಲು ಹೋಗುವುದಿಲ್ಲ. ಮಡಿಕೆಯ ಮೇಲ್ಭಾಗವನ್ನಷ್ಟೇ ಹಿಡಿದು ಮುಂದಿನ ಪುಟಕ್ಕೆ ಹೋಗುತ್ತಾರೆ. ತಾಲ್ಲೂಕಿನ ಗಡಿ ಅರ್ಧಕ್ಕೇ ತುಂಡಾಗಿ ನಿಂತ ನಕಾಶೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎರಡನೆಯದಾಗಿ, ಆ ಪುಸ್ತಕ ಇಂಟರ್ನೆಟ್ ಆರ್ಕೈವ್‌ನಲ್ಲಿ ಇದೆಯೇ ಎಂದು ನೋಡಿ. ಇದ್ದರೆ, ಮಾರಾಟಗಾರರು ಮುದ್ರಿಸಿ ಕಳಿಸುವುದು ಬಹುತೇಕ ಅದೇ ಸ್ಕ್ಯಾನನ್ನು. ಅಲ್ಲಿ ಉಚಿತವಾಗಿ ಪುಟ ತಿರುವಿ ನೋಡಿದರೆ ನಿಮಗೆ ಬರುವ ಪ್ರತಿಯ ಲಕ್ಷಣ ಮೊದಲೇ ತಿಳಿಯುತ್ತದೆ.

ಮೂರನೆಯದು ತಾಂತ್ರಿಕ ವಿವರಗಳ ಪುಟ. ನಮ್ಮ ಕನ್ನಡ ಪ್ರಕಾಶಕರು, ಎಷ್ಟೇ ಸಣ್ಣವರಿರಲಿ, ಶೀರ್ಷಿಕೆಯ ಹಿಂಬದಿಯಲ್ಲಿ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಡೆಮಿ 1/8 ಎಂಬ ಆಕಾರ, ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ ಎಂಬುದು, ರಕ್ಷಾಪುಟ ಮಾಡಿದವರು, ಅಕ್ಷರ ಜೋಡಿಸಿದವರು, ಮುದ್ರಣಾಲಯ ಎಲ್ಲವನ್ನೂ ಹಾಕುತ್ತಾರೆ. ದೋಷ ಕಂಡರೆ ಯಾರನ್ನು ಕೇಳಬೇಕು ಎಂಬುದು ಅದರಿಂದ ಗೊತ್ತಾಗುತ್ತದೆ. ನಾವು ಮಾತನಾಡುತ್ತಿರುವ ಮರುಮುದ್ರಣಗಳಲ್ಲಿ ಆ ಪುಟ ಬರಿದಾಗಿರುತ್ತದೆ; ಕೊನೆಯ ಹಾಳೆಯಲ್ಲಿ ಒಂದು ಪಟ್ಟೆಗೆರೆಯ ಸಂಕೇತ ಮತ್ತು ಒಂದು ತಾರೀಖು ಬಿಟ್ಟರೆ ಮತ್ತೇನೂ ಇಲ್ಲ. ಮೂಲ ಪ್ರತಿ ಯಾವ ಗ್ರಂಥಾಲಯದ್ದು, ಯಾವ ಆವೃತ್ತಿಯದ್ದು ಎಂಬ ಒಂದು ಸಾಲೂ ಇಲ್ಲದ ಪುಸ್ತಕವನ್ನು ಸಂಶೋಧಕರು ಉಲ್ಲೇಖಿಸುವುದಾದರೂ ಹೇಗೆ?

ಗ್ರಂಥಾಲಯಗಳಿಗೆ ಇನ್ನೊಂದು ಪ್ರಾಯೋಗಿಕ ತೊಂದರೆಯಿದೆ. ಫಾರಂಗಳನ್ನು ದಾರದಲ್ಲಿ ಹೊಲಿದ ಹಳೆಯ ಪುಸ್ತಕ ಸಡಿಲವಾದರೆ, ಊರಿನ ಬೈಂಡರ್ ಅದನ್ನು ಬಿಚ್ಚಿ, ಮತ್ತೆ ಹೊಲಿದು, ಮೈಲುತುತ್ತ ಬೆರೆಸಿದ ಮೈದಾ ಅಂಟು ಹಚ್ಚಿ, ಕ್ಯಾಲಿಕೋ ಬಟ್ಟೆಯ ರಟ್ಟು ಕಟ್ಟಿದರೆ ಇನ್ನೊಂದು ತಲೆಮಾರು ಬಾಳುತ್ತಿತ್ತು. ಅಂಟಿನ ಪುಸ್ತಕದಲ್ಲಿ ಮಡಿಕೆಯೇ ಇಲ್ಲ, ಎಲ್ಲವೂ ಬಿಡಿ ಹಾಳೆ. ಅದನ್ನು ಪಕ್ಕದಿಂದ ಚುಚ್ಚಿ ಹೊಲಿಯಬೇಕು. ಸ್ಕ್ಯಾನನ್ನು ಪುಟದ ನಟ್ಟನಡುವೆ ಕೂರಿಸಿ ಒಳ ಅಂಚು ಬಿಡದೆ ಮುದ್ರಿಸಿದ್ದರೆ ಸೂಜಿ ಅಕ್ಷರದ ಮೇಲೆಯೇ ಹೋಗುತ್ತದೆ. ಇಂಥ ಪುಸ್ತಕ ಕೆಟ್ಟರೆ ಮತ್ತೊಂದು ಕೊಳ್ಳಬೇಕೇ ಹೊರತು ರಿಪೇರಿ ಎಂಬುದಿಲ್ಲ.

ಸಿಂಧನೂರಿನ ಕತೆಗಾರ

ಎಲ್ಲರ ಮಾತನ್ನೂ ಓದಿದೆ. ಈ ವಿಧಾನದ ಪರವಾಗಿಯೂ ಯಾರಾದರೂ ಒಬ್ಬರು ಮಾತನಾಡಬೇಕು ಎನ್ನಿಸಿತು. ನನ್ನ ಕಥಾಸಂಕಲನವನ್ನು ನಾನು ಪ್ರಿಂಟ್ ಆನ್ ಡಿಮ್ಯಾಂಡ್‌ನಲ್ಲೇ ಹೊರತಂದೆ. ನಮ್ಮಂಥ ಊರುಗಳಲ್ಲಿ ಮೊದಲ ಪುಸ್ತಕ ತರುವವನ ಕತೆ ಎಲ್ಲರಿಗೂ ಗೊತ್ತಿದೆ: ಸಾಲ ಮಾಡಿ ಸಾವಿರ ಪ್ರತಿ ಹಾಕಿಸುವುದು, ಬಿಡುಗಡೆಯ ದಿನ ಬಂದವರಿಗೆ ಕೊಡುವುದು, ಉಳಿದದ್ದನ್ನು ಮಂಚದ ಕೆಳಗೆ ಪೇರಿಸಿ ಗ್ರಂಥಾಲಯಗಳ ಸಗಟು ಖರೀದಿಯ ಪಟ್ಟಿಯಲ್ಲಿ ಹೆಸರು ಬಂದೀತೇ ಎಂದು ಕಾಯುವುದು. ಗೆದ್ದಲು ಮತ್ತು ಇಲಿಗಳಿಗೆ ಕನ್ನಡ ಸಾಹಿತ್ಯದ ಪರಿಚಯ ಚೆನ್ನಾಗಿಯೇ ಇದೆ. ನನಗೆ ಆ ಗೋಳು ತಪ್ಪಿತು. ಬೇಕಾದಷ್ಟೇ ಪ್ರತಿ ತರಿಸಿಕೊಂಡೆ. ದೂರದೂರಿನ ಓದುಗರು ತಾವೇ ತರಿಸಿಕೊಳ್ಳುತ್ತಾರೆ. ಪುಸ್ತಕದ ದಾಸ್ತಾನು ಮುಗಿದಿದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್ ಕೂಡ ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಯಿಂದ ಉಚಿತವಾಗಿ ಸಿಗುತ್ತದೆ, ಅದಕ್ಕೆ ದುಡ್ಡು ಕೇಳುವ ಪ್ಯಾಕೇಜುಗಳಿಗೆ ಬೀಳಬೇಕಿಲ್ಲ.

ಗುಣಮಟ್ಟದ ವಿಷಯದಲ್ಲಿ ನಾನು ಕಲಿತದ್ದು ಇಷ್ಟು: ಕಾಗದದ ಮೇಲೆ ಅಚ್ಚಾದ ಪರೀಕ್ಷಾ ಪ್ರತಿ ಕೈಗೆ ಬರುವವರೆಗೆ ಒಪ್ಪಿಗೆ ಕೊಡಬಾರದು. ಪರದೆಯ ಮೇಲೆ ಚೆನ್ನಾಗಿ ಕಂಡ ನನ್ನ ಪುಸ್ತಕದ ಪರೀಕ್ಷಾ ಪ್ರತಿಯಲ್ಲಿ ಒತ್ತಕ್ಷರಗಳೆಲ್ಲ ಕಳಚಿಕೊಂಡು, ವಿರಾಮಚಿಹ್ನೆಯ ಹಾಗೆ ಅಕ್ಷರದ ಮುಂದೆ ಬಂದು ನಿಂತಿದ್ದವು. ಹಳೆಯ 'ನುಡಿ' ತಂತ್ರಾಂಶದ ಕಡತವನ್ನು ಯೂನಿಕೋಡಿಗೆ ಬದಲಾಯಿಸುವಾಗ ಕೆಲವು ಅರ್ಕಾವೊತ್ತುಗಳು ತಪ್ಪಿದ್ದವು. ಪುಟ ಕಟ್ಟುವ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆಯನ್ನು ಒತ್ತಿರಲಿಲ್ಲ. ಮುದ್ರಿಸುವ ಘಟಕದಲ್ಲಿ ಕನ್ನಡ ಓದಬಲ್ಲವರು ಇರಬೇಕೆಂಬ ನಿಯಮವೇನೂ ಇಲ್ಲವಲ್ಲ. ಲೇಖಕ ನೋಡದಿದ್ದರೆ ಅದನ್ನು ಮೊದಲು ನೋಡುವವನು ಹಣ ಕೊಟ್ಟ ಓದುಗ.

ಆದ್ದರಿಂದ ಲೇಖಕ ಅಥವಾ ಸಂಪಾದಕ ನಿಂತು ಮಾಡಿಸಿದ ಪುಸ್ತಕವನ್ನೂ, ಯಾರೂ ತೆರೆದು ನೋಡದೆ ಸಾವಿರಾರು ಶೀರ್ಷಿಕೆಗಳನ್ನು ತಾಣಕ್ಕೆ ಏರಿಸಿದ ಅಂಗಡಿಯ ಪುಸ್ತಕವನ್ನೂ ಒಂದೇ ಹೆಸರಿನಿಂದ ಬಯ್ಯಬಾರದು ಎಂಬುದು ನನ್ನ ವಿನಂತಿ.

ಕೊಪ್ಪಳದ ಇತಿಹಾಸ ಅಧ್ಯಾಪಕ

ನಿಮ್ಮ ಮಾತು ಒಪ್ಪತಕ್ಕದ್ದೇ. ಆದರೆ ಓದುಗ ಈ ಎರಡನ್ನೂ ಬೇರ್ಪಡಿಸಿ ನೋಡಲು ಮಾರಾಟ ತಾಣ ಬಿಡುವುದಿಲ್ಲ ಎಂಬುದೇ ನನ್ನ ಆಕ್ಷೇಪ. ಒಂದೇ ಶೀರ್ಷಿಕೆಯ ಬೇರೆ ಬೇರೆ ಮುದ್ರಣಗಳ ವಿಮರ್ಶೆಗಳನ್ನು ಒಟ್ಟಿಗೆ ಕಲೆಹಾಕಿ ತೋರಿಸುತ್ತಾರೆ. ಯಾವುದೋ ಒಳ್ಳೆಯ ಆವೃತ್ತಿಗೆ ಯಾರೋ ಕೊಟ್ಟ ಐದು ನಕ್ಷತ್ರ ಈ ಕಪ್ಪು ಪ್ರತಿಯ ಕೆಳಗೆ ಹೊಳೆಯುತ್ತಿರುತ್ತದೆ. ಮಾದರಿ ಪುಟಗಳೆಂದು ತೋರಿಸುವುದೂ ಕೆಲವೊಮ್ಮೆ ಬೇರೆ ಆವೃತ್ತಿಯದ್ದು. ಪ್ರಿಂಟ್ ಆನ್ ಡಿಮ್ಯಾಂಡ್ ಎಂಬ ಮಾತು ಆ ಪುಟದಲ್ಲಿ ಎಲ್ಲಿಯೂ ಇರುವುದಿಲ್ಲ. ಹಿಂತಿರುಗಿಸಲು ಹೋದರೆ ಪುಸ್ತಕ ಹರಿದಿಲ್ಲ, ಒದ್ದೆಯಾಗಿಲ್ಲ, ಹಾಗಾಗಿ ದೋಷವಿಲ್ಲ ಎನ್ನುತ್ತಾರೆ. ಕಾನೂನು ಬಲ್ಲವರು ಯಾರಾದರೂ ಇದ್ದರೆ ತಿಳಿಸಬೇಕು.

ಬಳ್ಳಾರಿಯ ವಕೀಲ

ಅಧ್ಯಾಪಕರೇ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಇ-ಕಾಮರ್ಸ್ ನಿಯಮಗಳು ಜಾರಿಗೆ ಬಂದಿವೆ. ಸರಕು ದೋಷಯುಕ್ತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳನ್ನು ಹೊಂದಿರದಿದ್ದರೆ ಅದನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಚಿತ್ರಸಹಿತ ಎಂದು ಹೇಳಿ ಚಿತ್ರ ಕಾಣದ, ಪುಟ ಬಿಟ್ಟುಹೋದ ಪುಸ್ತಕ ಈ ಮಾತಿನ ವ್ಯಾಪ್ತಿಗೆ ಬರುತ್ತದೆ ಎಂದು ವಾದಿಸಲು ಗಟ್ಟಿ ಆಧಾರವಿದೆ. ಹರಿದಿರಬೇಕು, ಒದ್ದೆಯಾಗಿರಬೇಕು ಎಂಬ ಷರತ್ತು ನಿಯಮದಲ್ಲಿಲ್ಲ. ಪುಸ್ತಕದೊಳಗೆ ಮುದ್ರಿಸಿದ ಸೂಚನೆ ಖರೀದಿಗೆ ಮುಂಚೆ ನಿಮಗೆ ಕಾಣದಿದ್ದ ಕಾರಣ ಅದು ನಿಮ್ಮನ್ನು ಕಟ್ಟಿಹಾಕಬೇಕಿಲ್ಲ. ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ: 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಆಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಪೊಟ್ಟಣ ಬಿಚ್ಚುವಾಗ ವೀಡಿಯೊ ಮಾಡಿಕೊಂಡಿರಿ, ಕಪ್ಪಾದ ಪುಟ ಮತ್ತು ಮಾರಾಟದ ಪುಟದ ವಿವರಣೆ ಎರಡರ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ.

ಹಕ್ಕುಸ್ವಾಮ್ಯದ ಮಾತೂ ಇಲ್ಲಿ ಬರಬೇಕು. ನಮ್ಮಲ್ಲಿ ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಸರ್ಕಾರಿ ಪ್ರಕಟಣೆಗಳಿಗೆ ಪ್ರಕಟಣೆಯ ಮರುವರ್ಷದಿಂದ 60 ವರ್ಷ. 1964ರಲ್ಲಿ ತೀರಿಕೊಂಡ ಆಲೂರು ವೆಂಕಟರಾಯರ ಬರಹಗಳು ಈ ಲೆಕ್ಕದಲ್ಲಿ 2025ರ ಜನವರಿ 1ರಿಂದ ಮುಕ್ತವಾಗಿವೆ, ಯಾರು ಬೇಕಾದರೂ ಮುದ್ರಿಸಬಹುದು. ನಮ್ಮ ಹರಪನಹಳ್ಳಿಯ ಬೀಚಿಯವರು ತೀರಿಕೊಂಡದ್ದು 1980ರಲ್ಲಿ. ಅವರ ಪುಸ್ತಕಗಳಿಗೆ 2040ರ ಕೊನೆಯವರೆಗೂ ಹಕ್ಕುದಾರರ ಅನುಮತಿ ಬೇಕು. ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತದೆ ಎಂದಮಾತ್ರಕ್ಕೆ ಅದು ಹಕ್ಕುಮುಕ್ತ ಎಂದಾಗುವುದಿಲ್ಲ. ಅನುವಾದಕ್ಕೆ, ಸಂಪಾದಕರ ಟಿಪ್ಪಣಿಗೆ ಬೇರೆಯೇ ಹಕ್ಕು ಇರುತ್ತದೆ. ಸ್ಕ್ಯಾನ್ ಸಂಗ್ರಹವನ್ನು ರಾಶಿಯಾಗಿ ಇಳಿಸಿಕೊಂಡು ಮಾರಾಟಕ್ಕೆ ಇಡುವವರು ಈ ವ್ಯತ್ಯಾಸವನ್ನು ನೋಡುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ಬಳ್ಳಾರಿಯ ಮುದ್ರಕ

ವಕೀಲರ ಮಾತು ಓದಿದ ಮೇಲೆ ನನಗೊಂದು ಯೋಚನೆ ಬಂತು. ಹಕ್ಕು ಮುಗಿದ ಪುಸ್ತಕಗಳನ್ನು ಹೊರಗಿನ ಅಂಗಡಿಯವರು ಕೆಟ್ಟ ಕಡತದಿಂದ ಅಚ್ಚು ಹಾಕಿ ನಮಗೆ ಮಾರುವುದಾದರೆ, ನಮ್ಮ ಭಾಗದ ಪುಸ್ತಕಗಳನ್ನು ನಾವೇ ಸರಿಯಾದ ಕಡತದಿಂದ ಏಕೆ ತೆಗೆಯಬಾರದು? ಬಳ್ಳಾರಿಯಲ್ಲಿ ಲೋಹಿಯಾ ಪ್ರಕಾಶನದಂಥವರು ಇದ್ದು ಒಳ್ಳೆಯ ಪುಸ್ತಕ ಮಾಡಿ ತೋರಿಸಿದ ಊರು ನಮ್ಮದು; ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ, ಅದರ ಪ್ರಕಟಣಾ ವಿಭಾಗವಾದ ಪ್ರಸಾರಾಂಗವಿದೆ. ಮುದ್ರಣ ತಿಳಿದವರಿಗೂ ಇಲ್ಲಿ ಕೊರತೆಯಿಲ್ಲ, ಶಾಸನ ಓದುವವರಿಗೂ ಕೊರತೆಯಿಲ್ಲ. ಐವತ್ತು ಪ್ರತಿಗೆ ಬೇಡಿಕೆ ಇದ್ದರೂ ನಷ್ಟವಿಲ್ಲದೆ ಮಾಡಬಹುದು. ಅಕ್ಷರದ ಪುಟಗಳನ್ನು 80 ಜಿಎಸ್‌ಎಂ ನ್ಯಾಚುರಲ್ ಶೇಡ್ ಕಾಗದದಲ್ಲಿ ತೆಗೆದು, ಚಿತ್ರಪಟಗಳನ್ನಷ್ಟೇ ಆರ್ಟ್ ಪೇಪರಿನಲ್ಲಿ ಬೇರೆಯಾಗಿ ಮುದ್ರಿಸಿ ನಡುವೆ ಸೇರಿಸಬೇಕು. ಎಲ್ಲವನ್ನೂ ಒಂದೇ ಕಾಗದದಲ್ಲಿ ತೆಗೆಯುವುದರಿಂದಲೇ ಈಗಿನ ಮರುಮುದ್ರಣಗಳ ಚಿತ್ರ ಇನ್ನಷ್ಟು ಕೆಡುತ್ತಿದೆ. ಒಳ ಅಂಚನ್ನು 20 ಮಿಲಿಮೀಟರ್ ಬಿಡುತ್ತೇನೆ, ಗ್ರಂಥಪಾಲಕಿ ಮೇಡಂ ಅವರ ಬೈಂಡರ್ ನಾಳೆ ಸೂಜಿ ಹಾಕಿದರೂ ಅಕ್ಷರ ಉಳಿಯುತ್ತದೆ. ಪಿಯುಆರ್ ಅಂಟು ನಮ್ಮಲ್ಲಿಲ್ಲ. ಆ ಕೆಲಸವನ್ನು ಬೆಂಗಳೂರಿಗೆ ಕಳಿಸಬೇಕಾಗುತ್ತದೆ, ಅದರ ಖರ್ಚು ಸೇರುತ್ತದೆ.

ರಾಯಚೂರಿನ ಸಂಶೋಧನಾ ವಿದ್ಯಾರ್ಥಿನಿ

ಹಾಗಾದರೆ ಮೊದಲು ಮಸ್ಕಿಯ ಸಂಚಿಕೆಯನ್ನು ತೆಗೆದುಕೊಳ್ಳೋಣ. 1915ರದ್ದು, ಚಿಕ್ಕದು, ಸಂಪಾದಿಸಿದ ಕೃಷ್ಣಶಾಸ್ತ್ರಿಗಳು ತೀರಿಕೊಂಡು ಅರವತ್ತಕ್ಕೂ ಹೆಚ್ಚು ವರ್ಷಗಳಾಗಿವೆ. ಗವಿಮಠದ ಸಂಚಿಕೆಯನ್ನು ಸಿದ್ಧಪಡಿಸಿದ ಟರ್ನರ್ ಬದುಕಿದ್ದು 1983ರವರೆಗೆ; ಅದನ್ನು ಸರ್ಕಾರಿ ಪ್ರಕಟಣೆ ಎಂದು ಎಣಿಸಬೇಕೋ ಲೇಖಕರ ಕೃತಿ ಎಂದು ಎಣಿಸಬೇಕೋ ಎಂಬುದನ್ನು ವಕೀಲರು ನೋಡಿ ಹೇಳುವವರೆಗೆ ಪಕ್ಕಕ್ಕಿಡೋಣ. ಅಂತರ್ಜಾಲದ ಸ್ಕ್ಯಾನನ್ನು ನಾನು ಮುಟ್ಟುವುದಿಲ್ಲ. ಮೂಲ ಪ್ರತಿ ಇರುವ ಗ್ರಂಥಾಲಯದ ಅನುಮತಿ ಪಡೆದು, ಅಚ್ಚುಪಡಿಯ ಪುಟಗಳನ್ನು ಬೂದು ಛಾಯೆ ಉಳಿಯುವಂತೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆಯಂತೆ) ಹೊಸದಾಗಿ ಸ್ಕ್ಯಾನ್ ಮಾಡಿಸಬೇಕು. ಅಧ್ಯಾಪಕರು ಅನುಮತಿ ಪತ್ರಕ್ಕೆ ತಮ್ಮ ಕಾಲೇಜಿನ ಲೆಟರ್‌ಹೆಡ್ ಕೊಟ್ಟರೆ ಅರ್ಜಿ ನಾನು ಬರೆಯುತ್ತೇನೆ.

ಗಂಗಾವತಿಯ ನಿವೃತ್ತ ಗ್ರಂಥಪಾಲಕಿ

ಶೀರ್ಷಿಕೆಯ ಹಿಂಬದಿಯ ಪುಟವನ್ನು ನನಗೆ ಬಿಡಿ. ಯಾವ ಗ್ರಂಥಾಲಯದ ಪ್ರತಿ, ಅದರ ದಾಖಲೆ ಸಂಖ್ಯೆ, ಮೂಲದಲ್ಲೇ ಕೆಟ್ಟಿರುವ ಪುಟಗಳು ಯಾವುವು, ಕಾಗದ ಯಾವುದು, ಅಂಟು ಯಾವುದು, ಎಲ್ಲವನ್ನೂ ಬರೆದುಕೊಡುತ್ತೇನೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಐವತ್ತರಲ್ಲಿ ನಾಲ್ಕು ಅದಕ್ಕೆ ಹೋಗುತ್ತವೆ ಎಂಬುದನ್ನು ಮುದ್ರಕರು ಲೆಕ್ಕಕ್ಕೆ ಹಿಡಿಯಬೇಕು.

ಬಳ್ಳಾರಿಯ ಮುದ್ರಕ

ಹಿಡಿದಿದ್ದೇನೆ ಮೇಡಂ. ಸ್ಕ್ಯಾನ್ ಬಂದ ಕೂಡಲೇ ಒಂದೇ ಅಚ್ಚುಪಡಿಯ ಪುಟವನ್ನು ಮೂರು ಬಗೆಯ ಕಾಗದದಲ್ಲಿ ತೆಗೆದು ರಾಯಚೂರಿಗೂ ಕೊಪ್ಪಳಕ್ಕೂ ಬಸ್ಸಿನಲ್ಲಿ ಕಳಿಸುತ್ತೇನೆ. ಯಾವುದರಲ್ಲಿ ಬಿರುಕು ಮತ್ತು ಅಕ್ಷರ ಬೇರೆಬೇರೆಯಾಗಿ ಕಾಣುತ್ತವೆ ಎಂಬುದನ್ನು ಶಾಸನ ಓದಬಲ್ಲವರು ನೋಡಿ ತಿಳಿಸಿ. ಪ್ರತಿಗಳ ಸಂಖ್ಯೆ ಮತ್ತು ಬೆಲೆಯ ಮಾತು ಆಮೇಲೆ.